ಎಲ್ಲಿ ನಿಂತಿತು?

ಮನೆಯಲ್ಲಿ ನೆಟ್ ಹೋದ ಕೂಡಲೇ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ‘ಯಾರೋ ಅದು ರೂಟರ್ ಮುಟ್ಟಿದ್ದು?’ ಬೆಂಗಳೂರಿನ ಕಾಡುಗೋಡಿಯ ಹದಿನಾಲ್ಕನೆಯ ಮಹಡಿಯ ಫ್ಲ್ಯಾಟಾಗಲಿ, ಹೆಬ್ಬಗೋಡಿಯ ಬಾಡಿಗೆ ಮನೆಯಾಗಲಿ, ಪೀಣ್ಯ ಎರಡನೆಯ ಹಂತದ ಹಿಂದಿನ ಗಲ್ಲಿಯಾಗಲಿ, ಈ ಮಾತಿನ ಧಾಟಿ ಒಂದೇ. ಮಗಳ ಮೀಟಿಂಗ್ ಇನ್ನು ಹತ್ತು ನಿಮಿಷಕ್ಕಿದೆ, ಮೊಮ್ಮಗನ ಹೋಂವರ್ಕ್ ಅರ್ಧಕ್ಕೆ ನಿಂತಿದೆ. ಅಡುಗೆಮನೆಯಿಂದ ಒಂದು ಆಪಾದನೆ ಬರುತ್ತದೆ, ರೂಮಿನಿಂದ ಒಂದು ಸಮರ್ಥನೆ. ಬೆಳಿಗ್ಗೆ ಕಸ ಗುಡಿಸಿದವರು, ರಾತ್ರಿ ಕೊನೆಗೆ ಗೇಮ್ ಆಡಿದವರು, ಬಿಲ್ ಕಟ್ಟುವ ಜವಾಬ್ದಾರಿ ಹೊತ್ತವರು, ಎಲ್ಲರೂ ಸಾಲಾಗಿ ಕಟಕಟೆಗೆ ಬಂದು ಹೋಗುತ್ತಾರೆ. ಯಂತ್ರವೊಂದೇ ಏನೂ ಹೇಳದೆ ಕುಳಿತಿರುತ್ತದೆ.

ಲೋಕದ ಬ್ಯಾಂಕುಗಳ, ವಿಮಾನಗಳ ಜಾಲವನ್ನು ಹಗಲೆಲ್ಲ ಕಾಯುವ ಜನ ಸಂಜೆ ತಮ್ಮದೇ ಮನೆಯ ಕೆಂಪು ದೀಪದ ಮುಂದೆ ಕೈಕಟ್ಟಿ ನಿಲ್ಲುತ್ತಾರೆ ಎಂಬ ವ್ಯಂಗ್ಯವನ್ನು ನಾವು ಬೇಕಾದಷ್ಟು ಸವಿದಿದ್ದೇವೆ. ಅದರಲ್ಲಿ ನನಗೆ ಹೆಚ್ಚಿನ ಸತ್ತ್ವ ಕಾಣುವುದಿಲ್ಲ. ನನ್ನನ್ನು ಕೆಣಕುವುದು ಆ ಮೊದಲ ಪ್ರಶ್ನೆ. ಏನಾದರೂ ಕೆಟ್ಟಾಗ ನಾವು ಮನುಷ್ಯನನ್ನು ಏಕೆ ಮೊದಲು ಹುಡುಕುತ್ತೇವೆ? ಕೆಟ್ಟ ಜಾಗವನ್ನು ಏಕೆ ಹುಡುಕುವುದಿಲ್ಲ? ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ಮನೆಯಲ್ಲಿ ನಾಲ್ಕು ಜನ ಇದ್ದೇ ಇರುತ್ತಾರಲ್ಲ. ‘ಎಲ್ಲಿ’ ಎಂಬ ಪ್ರಶ್ನೆಗೆ ಹಾಗಲ್ಲ, ಎದ್ದು ಹೋಗಿ ನೋಡಬೇಕು, ಬಗ್ಗಬೇಕು, ಕಾಯಬೇಕು. ಬಹುಶಃ ಆ ಶ್ರಮವನ್ನು ತಪ್ಪಿಸಿಕೊಳ್ಳಲೆಂದೇ ನಾವು ಸಿಟ್ಟಾಗುತ್ತೇವೆ.

ಕಂಪ್ಯೂಟರು ತಂತಿಯಿಲ್ಲದೆ ಹೊರಜಗತ್ತನ್ನು ಸೇರುವುದು ಒಂದೇ ನೆಗೆತದಲ್ಲಲ್ಲ. ಅದರೊಳಗಿನ ಪುಟ್ಟ ರೇಡಿಯೊ ಎಚ್ಚರವಾಗಿರಬೇಕು. ರೂಟರಿನ ದನಿ ಅದಕ್ಕೆ ಕೇಳಬೇಕು. ಪಾಸ್‌ವರ್ಡ್ ಹೊಂದಬೇಕು. ರೂಟರು ಅದಕ್ಕೊಂದು ವಿಳಾಸ ಕೊಡಬೇಕು. ರೂಟರಿನಿಂದ ಆಚೆಗೆ, ಕಂಬದಿಂದ ಕಂಬಕ್ಕೆ ಹೋಗುವ ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತಿರಬೇಕು. ಕೊನೆಗೆ, ನಾವು ಟೈಪಿಸಿದ ಹೆಸರು ಯಾವ ಸಂಖ್ಯೆಯ ಮನೆಗೆ ಸೇರಿದ್ದೆಂದು ಹೇಳುವವರು ಆಚೆ ಸಿಗಬೇಕು. ಇವುಗಳಲ್ಲಿ ಯಾವ ಹೊಸ್ತಿಲಲ್ಲಿ ಎಡವಿದರೂ ನಮ್ಮ ಕಣ್ಣಿಗೆ ಬೀಳುವುದು ಒಂದೇ ದೃಶ್ಯ: ಪುಟ ತೆರೆಯುವುದಿಲ್ಲ. ಪರಿಣಾಮ ಒಂದು, ಕಾರಣ ಹಲವು. ಬದುಕಿನ ಎಷ್ಟೋ ಮನಸ್ತಾಪಗಳ ಬೇರೂ ಇಲ್ಲೇ ಇಲ್ಲವೇ? ಎದುರಿಗಿರುವವರು ಉತ್ತರಿಸಲಿಲ್ಲ ಎನ್ನುವುದಷ್ಟೇ ನಮಗೆ ಗೊತ್ತು. ನಮ್ಮ ಮಾತು ಹೊರಟೇ ಇರಲಿಲ್ಲವೋ, ದಾರಿಯಲ್ಲಿ ಬಿದ್ದುಹೋಯಿತೋ, ತಲುಪಿಯೂ ತಿಳಿಯದೆ ಉಳಿಯಿತೋ ನೋಡುವ ವ್ಯವಧಾನವಿಲ್ಲದೆ ‘ಅವರು ಬದಲಾಗಿದ್ದಾರೆ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ನಮ್ಮ ಹಳೆಯ ತರ್ಕಶಾಸ್ತ್ರದವರು ಇಂಥ ಹುಡುಕಾಟಕ್ಕೊಂದು ಕ್ರಮವನ್ನು ಕಂಡುಕೊಂಡಿದ್ದರು, ಅನ್ವಯ ಮತ್ತು ವ್ಯತಿರೇಕ. ಇದು ಇದ್ದಾಗ ಅದು ಇರುತ್ತದೆಯೇ, ಇದು ಇಲ್ಲದಾಗ ಅದೂ ಇಲ್ಲವಾಗುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಜೋಡಿಯಾಗಿ ಕೇಳದೆ ಕಾರಣವನ್ನು ನಿಶ್ಚಯಿಸಬಾರದು ಎಂಬುದು ಅವರ ಶಿಸ್ತು. ಅದೇ ಕುರ್ಚಿಯಲ್ಲಿ ಕುಳಿತು ಫೋನನ್ನು ಅದೇ ವೈ-ಫೈಗೆ ಸೇರಿಸಿ ನೋಡಿ. ಫೋನಿಗೆ ಬಂದು ಕಂಪ್ಯೂಟರಿಗೆ ಬಾರದಿದ್ದರೆ ರೂಟರು ಬಹುಮಟ್ಟಿಗೆ ನಿರಪರಾಧಿ. ಕಂಪ್ಯೂಟರನ್ನು ಎತ್ತಿಕೊಂಡು ರೂಟರಿನ ಪಕ್ಕದಲ್ಲೇ ಕೂರಿ. ಅಲ್ಲಿ ಬಂದು ಇಲ್ಲಿ ಬಾರದಿದ್ದರೆ ದೋಷವಿರುವುದು ನಡುವಿನ ದೂರದಲ್ಲಿ ಅಥವಾ ಗೋಡೆಯಲ್ಲಿ. ಒಂದು ತಂತಿ ಹಾಕಿ ನೇರವಾಗಿ ಜೋಡಿಸಿ. ಆಗಲೂ ಬಾರದಿದ್ದರೆ ಗಾಳಿಯ ಮೇಲಿನ ಅನುಮಾನವನ್ನು ಬಿಟ್ಟು ಹೊರಗಿನ ದಾರಿಯ ಕಡೆ ನೋಡಬಹುದು. ಪ್ರತಿ ಹೆಜ್ಜೆಯಲ್ಲೂ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ, ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ತಿಳಿಯದೆ ಸರಿಹೋದದ್ದು ತಿಳಿಯದೆಯೇ ಮತ್ತೆ ಕೆಡುತ್ತದೆ.

ಹುಡುಕಾಟ ಹತ್ತಿರದಿಂದ ದೂರಕ್ಕೆ ಸಾಗಬೇಕು ಎನ್ನುವುದೂ ಈ ಕ್ರಮದಲ್ಲೇ ಸೇರಿದೆ. ಆದರೆ ನಮ್ಮ ಮನಸ್ಸಿಗೆ ದೂರವೇ ಇಷ್ಟ. ಕಂಪನಿಯ ಸರ್ವರ್ ಬಿದ್ದಿರಬೇಕು, ಸಮುದ್ರದ ಕೇಬಲ್ ತುಂಡಾಗಿರಬೇಕು ಎಂದು ಆಫ್ರಿಕದ ಕರಾವಳಿಯವರೆಗೆ ಹೋಗಿಬರುತ್ತೇವೆ. ಕೀಬೋರ್ಡಿನ ಮೇಲ್ಸಾಲಿನಲ್ಲಿ ವಿಮಾನದ ಚಿತ್ರವಿರುವ ಒಂದು ಗುಂಡಿಗೆ ಯಾರದೋ ಬೆರಳು ತಗಲಿ ರೇಡಿಯೊ ಮಲಗಿರುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಂತೂ ಒಂದು ಸಣ್ಣ ಜಾರುಸ್ವಿಚ್ಚೇ ಇರುತ್ತಿತ್ತು, ಬ್ಯಾಗಿಗೆ ತುರುಕುವಾಗ ತಾನೇ ಜಾರಿಬಿಡುವಂಥದ್ದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯ ತಾಯಿಯನ್ನು ನೋಡಿ ನಗುವ ಹಕ್ಕು ನಮಗೆಷ್ಟಿದೆ?

ಪ್ರತಿಯೊಂದು ಕಂಪ್ಯೂಟರಿಗೂ 127.0.0.1 ಎಂಬ ವಿಳಾಸವೊಂದಿದೆ. ಅದು ಬೇರೆ ಯಾರದೂ ಅಲ್ಲ, ಅದರದೇ. ಅಲ್ಲಿಗೆ ಕಳಿಸಿದ ಕರೆ ಮನೆಯ ಹೊಸ್ತಿಲನ್ನೂ ದಾಟದೆ ಒಳಗೇ ತಿರುಗಿ ಬರುತ್ತದೆ. ಜಾಲದ ಕೆಲಸ ಬಲ್ಲವರು ತೊಂದರೆ ಹುಡುಕುವಾಗ ಈ ಕರೆಯನ್ನು ಮೊದಲು ಮಾಡಿ ನೋಡುತ್ತಾರೆ: ನಾನು ನನಗಾದರೂ ಓಗೊಡುತ್ತಿದ್ದೇನೆಯೇ? ಆಮೇಲೆ ರೂಟರು, ಆಮೇಲೆ ಆಚೆಯ ಲೋಕ. ಈ ಕರೆಗೆ ಬಳಸುವ ‘ಪಿಂಗ್’ ಎಂಬ ಸಾಧನವನ್ನು 1983ರ ಡಿಸೆಂಬರಿನಲ್ಲಿ ಬರೆದದ್ದು ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್. ಅವರ ಜಾಲವೂ ಆಗ ವಿಚಿತ್ರವಾಗಿ ವರ್ತಿಸುತ್ತಿತ್ತು. ಎಲ್ಲಿ ಎಂದು ತಿಳಿಯಲು ಈ ಪುಟ್ಟ ಪ್ರೋಗ್ರಾಮು ಬೇಕಾಯಿತು. ಜಲಾಂತರ್ಗಾಮಿಗಳು ಕತ್ತಲ ನೀರಿಗೆ ಒಂದು ಸದ್ದನ್ನು ಬಿಟ್ಟು ಅದರ ಮಾರ್ದನಿಗೆ ಕಿವಿಗೊಡುವ ರೀತಿಯಿಂದ ಅದು ಹುಟ್ಟಿತು. ಅದರಲ್ಲಿ ಆರೋಪವಿಲ್ಲ, ಬೇಡಿಕೆಯೂ ಇಲ್ಲ. ಇದ್ದೀಯಾ? ಇದ್ದೇನೆ. ಇಷ್ಟೇ ಸಂವಾದ. ತನ್ನೊಳಗಿನಿಂದ ಉತ್ತರ ಬಂದ ಮಾತ್ರಕ್ಕೆ ಹೊರಗಿನ ಬಾಗಿಲು ತೆರೆದಿದೆ ಎಂದೇನಲ್ಲ ಎಂಬುದನ್ನೂ ಅದು ಅಷ್ಟೇ ನಿರ್ಲಿಪ್ತವಾಗಿ ತಿಳಿಸುತ್ತದೆ. ಆತ್ಮವಿಶ್ವಾಸವನ್ನೇ ಸಂಪರ್ಕವೆಂದು ಭ್ರಮಿಸುವ ನಮ್ಮ ಕಾಲಕ್ಕೆ ಈ ಭೇದ ನೆನಪಿರುವುದು ಒಳ್ಳೆಯದು.

ನಾನು ಹೆಚ್ಚು ಹೊತ್ತು ನಿಲ್ಲುವುದು ವಿಳಾಸದ ಹೊಸ್ತಿಲಲ್ಲಿ. ಕಂಪ್ಯೂಟರು ರೂಟರನ್ನು ಸೇರಿದ ಮೇಲೆ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ರೂಟರು ತನ್ನ ಬಳಿಯಿರುವ ಸಂಖ್ಯೆಗಳಲ್ಲೊಂದನ್ನು ಗೊತ್ತಾದ ಅವಧಿಗೆ ಕೊಡುತ್ತದೆ. ಅವಧಿ ಮುಗಿಯುವ ಮುನ್ನ ನವೀಕರಿಸಿಕೊಳ್ಳಬೇಕು. ಯಾವ ಸಂಖ್ಯೆಯೂ ಶಾಶ್ವತವಲ್ಲ, ಎಲ್ಲವೂ ಬಾಡಿಗೆ. ಕೂಗಿಗೆ ಯಾರೂ ಓಗೊಡದಿದ್ದರೆ ಕಂಪ್ಯೂಟರು ಒಂದಷ್ಟು ಹೊತ್ತು ಕಾದು, ತನಗೆ ತಾನೇ ಒಂದು ವಿಳಾಸವನ್ನು ಇಟ್ಟುಕೊಳ್ಳುತ್ತದೆ. ಅದು 169.254 ಎಂದು ಆರಂಭವಾಗುತ್ತದೆ. ತಿಳಿದವರು ಆ ಸಂಖ್ಯೆಯನ್ನು ಕಂಡೊಡನೆ ಕಥೆಯನ್ನೆಲ್ಲ ಊಹಿಸುತ್ತಾರೆ: ಇದು ಕೇಳಿದೆ, ಯಾರೂ ಕೊಟ್ಟಿಲ್ಲ. ತಾನೇ ಇಟ್ಟುಕೊಂಡ ಆ ವಿಳಾಸದಿಂದ ಎಲ್ಲಿಗೆ ಹೋಗಬಹುದು? ತನ್ನಂತೆಯೇ ವಿಳಾಸ ಸಿಗದೆ ಉಳಿದ ಪಕ್ಕದ ಯಂತ್ರಗಳ ಜೊತೆ ಮಾತಾಡಬಹುದು. ಅದರಾಚೆಗೆ ದಾರಿಯಿಲ್ಲ.

ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಬದುಕುವ ನಮ್ಮ ಈ ಹೊರವಲಯಕ್ಕೆ ಇದನ್ನು ಬಿಡಿಸಿ ಹೇಳಬೇಕೇ? ರಾಯಚೂರು, ಕಲಬುರಗಿ, ಹಾವೇರಿಗಳಿಂದ ಬಂದು ಪೀಣ್ಯದ ಲೇತ್ ಮಷೀನಿನ ಮುಂದೆ ನಿಂತ ಹುಡುಗನಿಗೆ ಎಷ್ಟೋ ಕೆಲಸಗಳಿಗೆ ಬೇಕಾದದ್ದು ಈ ಊರಿನವರೊಬ್ಬರು ಸಹಿ ಮಾಡಿಕೊಟ್ಟ ವಿಳಾಸ. ಅದು ಸಿಗುವತನಕ ತನ್ನ ಊರಿನ ನಾಲ್ಕು ಜನರ ರೂಮಿನಲ್ಲಿ, ತಾವೇ ಕೊಟ್ಟುಕೊಂಡ ಹೆಸರುಗಳಲ್ಲಿ ಕಾಲ ನೂಕಬೇಕು. ಇನ್ನೊಂದು ಕೊನೆಯಿಂದ ನೋಡಿದರೆ ವಿಳಾಸ ಕೊಟ್ಟವರ ಕಥೆಯೂ ಇದೆ. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸು 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯಾಗಿ ಮೂಡಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ. ಲೋಕದ ದೊಡ್ಡ ಕಂಪನಿಗಳಿಗೆ ಆ ಹಳ್ಳಿಗಳು ವಿಳಾಸವಾದವು. ತಮ್ಮ ಹೆಸರನ್ನು ಮಾತ್ರ ಬಸ್ಸಿನ ಬೋರ್ಡಿಗೂ ರಾಗಿ ಹೊಲದ ಹಳೆಯ ಪಹಣಿಗೂ ಉಳಿಸಿಕೊಂಡವು. ನಾನು ಯಾರು ಎಂಬುದನ್ನು ನಾನೇ ಹೇಳಿಕೊಳ್ಳಬಹುದು. ನಾನು ಎಲ್ಲಿರುವೆ ಎಂಬುದನ್ನು ಇನ್ನೊಬ್ಬರು ಒಪ್ಪಬೇಕು. ಸ್ವಾವಲಂಬನೆಯನ್ನು ಎಷ್ಟು ಹೊಗಳಿದರೂ ಈ ಒಂದು ಪರಾವಲಂಬನೆಯಿಂದ ನಮಗೆ ಬಿಡುಗಡೆಯಿಲ್ಲವಲ್ಲ?

ವೈ-ಫೈ ಅಲೆಗಳು ಹಬ್ಬುವ ಆಕಾಶವೂ ಒಂದು ನೆಲವೇ. 2.4 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ನಮ್ಮ ಸರ್ಕಾರ 2005ರಲ್ಲಿ ಪರವಾನಗಿಯ ಹಂಗಿಲ್ಲದೆ, ಕಡಿಮೆ ಶಕ್ತಿಯ ಉಪಕರಣಗಳಿಗೆಂದು ಎಲ್ಲರ ಪಾಲಿಗೆ ಬಿಟ್ಟಿತು. ಅದು ನಮ್ಮ ಹಳ್ಳಿಗಳ ಗೋಮಾಳದ ಹಾಗೆ. ಯಾರದೂ ಅಲ್ಲದ್ದರಿಂದ ಎಲ್ಲರದು. ಎಲ್ಲರದಾದ್ದರಿಂದ ಯಾರೂ ಬೇಲಿ ಹಾಕುವಂತಿಲ್ಲ, ಎಲ್ಲರ ದನಗಳೂ ಮೇಯಬೇಕು. ವೈಟ್‌ಫೀಲ್ಡ್ ಸುತ್ತಲಿನ ನಿಜವಾದ ಗೋಮಾಳಗಳು ಲೇಔಟುಗಳಾಗಿ, ಆ ಲೇಔಟಿನ ಮನೆಗಳು ಈಗ ಗಾಳಿಯಲ್ಲಿರುವ ಈ ಗೋಮಾಳಕ್ಕೆ ಮುಗಿಬಿದ್ದಿವೆ. ಅಪಾರ್ಟ್‌ಮೆಂಟಿನಲ್ಲಿ ಕೂತು ಕಂಪ್ಯೂಟರಿನಲ್ಲಿ ವೈ-ಫೈ ಹೆಸರುಗಳ ಯಾದಿಯನ್ನು ತೆರೆದರೆ ಅಕ್ಕಪಕ್ಕದ, ಮೇಲಿನ, ಕೆಳಗಿನ ಮನೆಗಳ ಹೆಸರುಗಳು ಇಳಿಯುತ್ತಲೇ ಹೋಗುತ್ತವೆ. ಒಂದನ್ನೊಂದು ತುಳಿಯದ ದಾರಿಗಳು, ಅಂದರೆ ಚಾನೆಲ್‌ಗಳು, ಆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿರುವುದು ಮೂರೇ: 1, 6, 11. ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಅದೇ ಜಾಗದಲ್ಲಿ ಗುನುಗುತ್ತದೆ. ಐದು ಗಿಗಾಹರ್ಟ್ಸ್‌ನ ವಿಶಾಲ ಬಯಲು ಪಕ್ಕದಲ್ಲೇ ಇದೆ, ಆದರೆ ಆ ಅಲೆಗಳಿಗೆ ಗೋಡೆ ದಾಟುವ ತ್ರಾಣ ಕಡಿಮೆ; ಹಳೆಯ ಕಂಪ್ಯೂಟರಿಗೆ ಆ ಬಯಲು ಕಾಣುವುದೂ ಇಲ್ಲ.

ಇಷ್ಟು ನೂಕುನುಗ್ಗಲಿನಲ್ಲಿ, ಯಾವ ಕಾವಲುಗಾರನೂ ಇಲ್ಲದೆ, ಮಾತು ಹೇಗೆ ನಡೆಯುತ್ತದೆ? 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಮ್‌ಸನ್ ಮತ್ತು ಅವರ ಜೊತೆಗಾರರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರುಗಳನ್ನು ಬೆಸೆದಾಗ ಕಂಡುಕೊಂಡ ಸೂತ್ರ ಸರಳವಾಗಿತ್ತು: ಇಬ್ಬರು ಒಟ್ಟಿಗೆ ಮಾತಾಡಿ ಮಾತು ಕೆಟ್ಟರೆ, ಇಬ್ಬರೂ ತಮಗೆ ತೋಚಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಪ್ರಯತ್ನಿಸಬೇಕು. 1997ರಲ್ಲಿ 802.11 ಎಂಬ ಸಂಖ್ಯೆಯಲ್ಲಿ ವೈ-ಫೈಯ ನಿಯಮಾವಳಿ ಹೊರಬಂದಾಗ ಅದಕ್ಕೊಂದು ಸೌಜನ್ಯ ಸೇರಿತ್ತು: ಮಾತಾಡುವ ಮೊದಲು ಕೇಳು. ಯಾರಾದರೂ ಮಾತಾಡುತ್ತಿದ್ದರೆ ತಡೆ. ಅವರು ಮುಗಿಸಿದ ಮೇಲೂ ಕೂಡಲೇ ಬಾಯಿ ಹಾಕಬೇಡ, ಇನ್ನೊಂದಿಷ್ಟು ತಡೆ, ಯಾಕೆಂದರೆ ನಿನ್ನಂತೆಯೇ ಕಾಯುತ್ತಿರುವವರು ಇನ್ನೂ ಇರಬಹುದು. ಕಾಯುವ ಅವಧಿಯನ್ನು ಪ್ರತಿಯೊಂದು ಯಂತ್ರವೂ ಪಗಡೆ ಉರುಳಿಸಿದಂತೆ ತಾನೇ ಆರಿಸಿಕೊಳ್ಳುತ್ತದೆ, ದೊಡ್ಡವರು ಚಿಕ್ಕವರು ಎಂಬ ಸಾಲಿಲ್ಲ. ನಾವು ‘ನೆಟ್ ಸ್ಲೋ’ ಎಂದು ಬೈಯುವ ಸಂಜೆಯ ಹೊತ್ತಿನಲ್ಲಿ ಗೋಡೆಯಾಚೆ ನಡೆಯುತ್ತಿರುವುದು ಎಷ್ಟೋ ಸಲ ಈ ಕಾಯುವಿಕೆ. ಯಾರೋ ನಮ್ಮ ಪಾಲನ್ನು ಕದಿಯುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಅವರೂ ನಮಗಾಗಿ ಬಾಯಿಮುಚ್ಚಿ ನಿಂತಿದ್ದಾರೆ ಎಂದು ಎಂದಾದರೂ ಹೊಳೆಯುತ್ತದೆಯೇ?

ಇಲ್ಲಿಯೇ ಇನ್ನೊಂದು ಸಂಗತಿ ನನ್ನನ್ನು ಬಹಳ ಸಲ ತಡೆದು ನಿಲ್ಲಿಸಿದೆ. ಪರದೆಯ ಮೂಲೆಯ ವೈ-ಫೈ ಗೆರೆಗಳೆಲ್ಲ ತುಂಬಿರುತ್ತವೆ, ಸಂಪರ್ಕ ಮಾತ್ರ ಕೂಡುವುದಿಲ್ಲ. ಆ ಗೆರೆಗಳು ಏನನ್ನು ಹೇಳುತ್ತವೆ? ರೂಟರಿನ ದನಿ ನಮಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು. ನಮ್ಮ ದನಿ ರೂಟರಿಗೆ ಕೇಳಿಸುತ್ತಿದೆಯೇ ಎಂಬುದರ ಬಗ್ಗೆ ಅವು ಏನೂ ಹೇಳುವುದಿಲ್ಲ. ಹೆಚ್ಚು ಶಕ್ತಿಯ ರೂಟರು ತಂದು ಅದರ ಗಂಟಲನ್ನು ಹೆಚ್ಚಿಸಿದರೆ ಗೆರೆ ತುಂಬುತ್ತದೆ. ಲ್ಯಾಪ್‌ಟಾಪಿನ ಪುಟ್ಟ ರೇಡಿಯೊ ಎಂದಿನಂತೆ ಮೆಲ್ಲಗೇ ಮಾತಾಡುತ್ತಿರುತ್ತದೆ. ಕೇಳಿಸಿಕೊಳ್ಳುವುದು ಒಂದು ಕಡೆ ಮಾತ್ರ ಆದರೆ ಅದನ್ನು ಸಂಬಂಧ ಎನ್ನಲಾಗುತ್ತದೆಯೇ? ಮನೆಯ ಹಿರಿಯರಾದ ನಾವು, ಗಟ್ಟಿ ಗಂಟಲಿನವರಾದ ನಾವು, ಮಕ್ಕಳ ಮುಖದಲ್ಲಿ ಗೆರೆಗಳು ತುಂಬಿರುವುದನ್ನು ನೋಡಿ ಎಲ್ಲವೂ ಸರಿಯಿದೆ ಎಂದುಕೊಂಡಿರುತ್ತೇವೆ.

ಗೋಡೆಗಳ ಮಾತು ಬಂತಲ್ಲ. ಈ ಅಲೆಗಳಿಗೆ ನೀರು ಆಗದು, ಲೋಹ ಆಗದು. ಸಜ್ಜೆಯ ಮೂಲೆಗೆ, ಟಿವಿಯ ಹಿಂದೆ, ಚಪ್ಪಲಿ ಸ್ಟ್ಯಾಂಡಿನೊಳಗೆ ಅಂದ ಕೆಡದಿರಲೆಂದು ಬಚ್ಚಿಟ್ಟ ರೂಟರು ಉಕ್ಕಿನ ಬೀರುವನ್ನೂ, ಟ್ಯಾಂಕರ್ ನೀರು ತುಂಬಿಟ್ಟ ಡ್ರಮ್ಮನ್ನೂ, ದೊಡ್ಡ ಕನ್ನಡಿಯನ್ನೂ, ಕಂಬಿ ಹೆಣೆದ ಕಾಂಕ್ರೀಟನ್ನೂ ದಾಟಿ ನಮ್ಮನ್ನು ತಲುಪಬೇಕು. ಕೆಲವು ಅಲೆಗಳು ಹೀರಿಹೋಗುತ್ತವೆ, ಕೆಲವು ಬಡಿದು ತಿರುಗುತ್ತವೆ. ಒಂದೇ ಮಾತು ನೇರವಾಗಿಯೂ ಬಂದು, ಬೀರುವಿಗೆ ತಾಗಿಯೂ ಬಂದು, ಚೂರು ತಡವಾಗಿ ಗೋಡೆಗೆ ತಾಗಿಯೂ ಬಂದು ಕಲಸಿಹೋಗುತ್ತದೆ. ಈ ಕಲಸುಮೇಲೋಗರವನ್ನು ಬಿಡಿಸುವ ವಿದ್ಯೆಯ ಒಂದು ಮುಖ್ಯ ಎಳೆ ಬಂದದ್ದು ಆಸ್ಟ್ರೇಲಿಯಾದ ಜಾನ್ ಓ’ಸಲಿವನ್ ಎಂಬ ರೇಡಿಯೊ ಖಗೋಳ ವಿಜ್ಞಾನಿಯಿಂದ. ಸಿಡಿಯುವ ಪುಟಾಣಿ ಕಪ್ಪುಕುಳಿಗಳ ಸದ್ದನ್ನು ಆಕಾಶದಲ್ಲಿ ಹುಡುಕಿ ಅವರಿಗೆ ಅದು ಸಿಗಲಿಲ್ಲ. ಆ ಹುಡುಕಾಟದ ಗಣಿತ ಸಿಕ್ಕಿತು, 1990ರ ದಶಕದಲ್ಲಿ ಮನೆಯೊಳಗಿನ ಮಾರ್ದನಿಗಳನ್ನು ಪಳಗಿಸಿತು.

ನಮ್ಮದೇ ಊರಿನ ಉದಾಹರಣೆ ಇದಕ್ಕಿಂತ ಹಳೆಯದು, ನನಗೆ ಇದಕ್ಕಿಂತ ಪ್ರಿಯವಾದದ್ದು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನಿಂದ ಬಂದ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ, ಆರ್ಯಭಟ ಉಪಗ್ರಹ ರೂಪುಗೊಂಡಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ಪ್ರಯೋಗಗಳು ನಿಂತವು. ಯಾರು ಕೆಡಿಸಿದರು ಎಂದು ಕೂತಿದ್ದರೆ ನಮ್ಮ ಉಪಗ್ರಹಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಎಲ್ಲಿ ಎಂದು ಕೇಳಿದವರಿದ್ದರು. 1979ರಲ್ಲಿ ಭಾಸ್ಕರ ಹೋಯಿತು, 1981ಕ್ಕೆ ಆ್ಯಪಲ್ ಎಂಬ ಉಪಗ್ರಹ ಸಿದ್ಧವಾಯಿತು. ಆ್ಯಪಲ್‌ನ ರೇಡಿಯೊ ಕೊಂಡಿಯನ್ನು ಪರೀಕ್ಷಿಸುವಾಗ ಒಂದು ತೊಡಕು ಎದುರಾಯಿತು. ಸುತ್ತಲಿನ ಲೋಹಕ್ಕೆ ತಾಗಿ ಅಲೆಗಳು ತಿರುಗಿಬಂದರೆ ದೋಷ ಉಪಗ್ರಹದ ಆಂಟೆನಾದ್ದೋ, ಸುತ್ತಮುತ್ತಲಿನದ್ದೋ ತಿಳಿಯುವುದಿಲ್ಲ. ಬಯಲಿಗೆ ಒಯ್ಯಬೇಕು, ಲಾರಿಯಲ್ಲಿ ಒಯ್ದರೆ ಲಾರಿಯೇ ಒಂದು ಲೋಹದ ಗುಡ್ಡ. ಹಾಗಾಗಿ ಬಂದದ್ದು ಮರದ ಎತ್ತಿನ ಗಾಡಿ.

ಆ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ: ಎರಡು ಎತ್ತುಗಳು, ಗಾಡಿಯ ಮೇಲೆ ಉಪಗ್ರಹ. ಬಡ ದೇಶದ ಛಲಕ್ಕೆ ಸಾಕ್ಷಿ ಎಂದು ಅದನ್ನು ಭಾಷಣಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸುತ್ತೇವೆ. ಗಾಡಿ ಬಂದದ್ದು ಬಡತನದಿಂದಾಗಿ ಅಲ್ಲ ಎಂಬುದು ನನ್ನ ತಕರಾರು. ಅದು ಶುದ್ಧ ವ್ಯತಿರೇಕ. ಅನುಮಾನಕ್ಕೆ ಎಡೆಯಾಗುವ ಒಂದೊಂದನ್ನೇ ಸುತ್ತಲಿಂದ ತೆಗೆಯುತ್ತ ಹೋದವರಿಗೆ, ಆ ಹೊತ್ತಿನಲ್ಲಿ ಲಾರಿಗಿಂತ ಗಾಡಿಯೇ ಹೆಚ್ಚು ಆಧುನಿಕ ಉಪಕರಣವಾಗಿತ್ತು. ಹಳತು ಹೊಸತು ಎಂಬ ಲೆಕ್ಕವನ್ನು ಅವರು ಇಡಲಿಲ್ಲ. ಇದರಿಂದ ಪ್ರಶ್ನೆ ತಿಳಿಯಾಗುತ್ತದೆಯೇ ಕಲಕುತ್ತದೆಯೇ ಎಂಬುದಷ್ಟೇ ಲೆಕ್ಕ. ಆ ವರ್ಷ ಜೂನ್ 19ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಆ್ಯಪಲ್‌ನ ಒಂದು ಸೌರಫಲಕ ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳಲೇ ಇಲ್ಲ. ಇದ್ದುದರಲ್ಲೇ ಅದು ಎರಡು ವರ್ಷಕ್ಕೂ ಮೀರಿ ಕೆಲಸ ಮಾಡಿತು. ಕೈ ತಲುಪದ ಎತ್ತರದಲ್ಲಿರುವ ಯಂತ್ರವನ್ನು ನೆಲದ ಮೇಲೆ ಕುಳಿತು ಅರ್ಥ ಮಾಡಿಕೊಂಡವರಿಗೆ ‘ಎಲ್ಲಿ’ ಎಂಬ ಪ್ರಶ್ನೆಯ ಬೆಲೆ ಗೊತ್ತಿರಲೇಬೇಕು. ಅದೇ ಪೀಣ್ಯದ ಗಲ್ಲಿಯ ಮನೆಯಲ್ಲಿ ನಾವು ಬೀರುವಿನ ಪಕ್ಕದಿಂದ ರೂಟರನ್ನು ಒಂದು ಮಾರು ಸರಿಸಲು ಬೇಸರಿಸುತ್ತೇವೆ!

ಇನ್ನು, ಆಫ್ ಮಾಡಿ ಆನ್ ಮಾಡುವ ಸರ್ವರೋಗ ನಿವಾರಿಣಿ. ಅದನ್ನು ಹಂಗಿಸಲಾರೆ, ಬಹಳಷ್ಟು ಸಲ ಅದು ಫಲಿಸುತ್ತದೆ, ಫಲಿಸುವುದಕ್ಕೆ ಕಾರಣವೂ ಇದೆ. ದಿನಗಟ್ಟಲೆ ಓಡಿದ ಯಂತ್ರದ ನೆನಪಿನಲ್ಲಿ ಅರೆಬರೆ ಲೆಕ್ಕಗಳು, ಅವಧಿ ಮೀರಿದ ವಿಳಾಸಗಳು ಸೇರಿಕೊಂಡಿರುತ್ತವೆ. ವಿದ್ಯುತ್ತನ್ನು ತೆಗೆದು ಅರ್ಧ ನಿಮಿಷ ಬಿಟ್ಟರೆ ಅವೆಲ್ಲ ತೊಳೆದುಹೋಗಿ ಮೊದಲಿನಿಂದ ಶುರುವಾಗುತ್ತದೆ. ಆದರೂ ನನಗೆ ಅದರ ಮೇಲೆ ಪೂರ್ಣ ವಿಶ್ವಾಸವಿಲ್ಲ. ತೊಂದರೆಯ ಜೊತೆಗೆ ತೊಂದರೆಯ ಗುರುತನ್ನೂ ಅದು ಒರೆಸಿಹಾಕುತ್ತದೆ. ಇವತ್ತಿನ ಸಂಜೆ ಉಳಿಯಿತು, ಅಷ್ಟೆ. ಮನಸ್ತಾಪ ಬಂದಾಗಲೆಲ್ಲ ಮಾತು ಬಿಟ್ಟು, ಎರಡು ದಿನದ ಮೇಲೆ ಏನೂ ಆಗದವರಂತೆ ಕಾಫಿ ಕೊಡುವ ಮನೆಗಳನ್ನು ನೋಡಿದ್ದೇವಲ್ಲ. ಆ ಸಂಸಾರಗಳು ನಡೆಯುತ್ತವೆ. ಆದರೆ ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತವೆ.

ಅದಕ್ಕಿಂತ ಸೂಕ್ಷ್ಮವಾದ ಉಪಾಯ ಹಳೆಯ ಪಾಸ್‌ವರ್ಡನ್ನು ಮರೆಸುವುದು. ರೂಟರು ಬದಲಾಗಿರುತ್ತದೆ, ಅಥವಾ ಮಗ ಪಾಸ್‌ವರ್ಡ್ ಬದಲಿಸಿ ಹೇಳಲು ಮರೆತಿರುತ್ತಾನೆ. ಕಂಪ್ಯೂಟರಿಗೆ ಹಳೆಯ ನೆನಪು ಭದ್ರ. ಹೆಸರು ಅದೇ ಇರುವುದರಿಂದ ಅದೇ ಹಳೆಯ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸುತ್ತದೆ, ಮತ್ತೆ ಮತ್ತೆ ಸೋಲುತ್ತದೆ. ಅದರ ತಪ್ಪೇನು? ಅದು ನಿಷ್ಠೆಯಿಂದಲೇ ಇದೆ. ಆ ಒಂದು ನೆನಪನ್ನು ಅಳಿಸಿದ ಮೇಲೆಯೇ ಅದು ಹೊಸಬರನ್ನು ಕೇಳುವಂತೆ ‘ನಿಮ್ಮ ಪಾಸ್‌ವರ್ಡ್ ಏನು’ ಎಂದು ಕೇಳುತ್ತದೆ. ಇಪ್ಪತ್ತು ವರ್ಷದ ಹಿಂದೆ ಬಿಟ್ಟು ಬಂದ ಗೆಳೆಯನನ್ನು ಅದೇ ಹಳೆಯ ತಮಾಷೆಯಿಂದ ಮಾತಾಡಿಸಿ, ಅವನು ನಗದಿದ್ದಾಗ ನೊಂದುಕೊಂಡ ಅನುಭವ ಯಾರಿಗಿಲ್ಲ?

ಕಾಲದ ದೋಷವೂ ಒಂದಿದೆ. ಅದನ್ನು ಯಾರೂ ಅನುಮಾನಿಸುವುದಿಲ್ಲ. ಮೂಲೆಗೆ ಸೇರಿದ್ದ ಹಳೆಯ ಡೆಸ್ಕ್‌ಟಾಪನ್ನು 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಮಕ್ಕಳ ಪಾಠಕ್ಕೆಂದು ಎಷ್ಟೋ ಮನೆಗಳಲ್ಲಿ ಧೂಳು ಕೊಡವಿ ಎಬ್ಬಿಸಿದರು. ವೈ-ಫೈ ಸೇರುತ್ತದೆ, ವಿಳಾಸ ಸಿಗುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಒಳಗಿನ ಬಿಲ್ಲೆಯಂಥ ಪುಟ್ಟ ಸೆಲ್ ಸತ್ತು, ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ತಾಣಗಳೆಲ್ಲ ತಮ್ಮ ಪ್ರಮಾಣಪತ್ರವನ್ನು ತೋರಿಸುತ್ತವೆ. ಯಂತ್ರ ಅದನ್ನು ಓದಿ, ‘ಇದು ಇನ್ನೂ ಹುಟ್ಟದ ದಿನದ ಪತ್ರ, ನಂಬಲಾರೆ’ ಎನ್ನುತ್ತದೆ. ಬಾಗಿಲು ಮುಚ್ಚಿದ್ದು ಲೋಕವಲ್ಲ. ತಾನಿರುವ ತಾರೀಖನ್ನು ತಪ್ಪು ತಿಳಿದವನಿಗೆ ಲೋಕವೆಲ್ಲ ಮೋಸಗಾರರಂತೆ ಕಾಣುತ್ತಿದೆ. ನನ್ನ ವಯಸ್ಸಿನವರು ಈ ಯಂತ್ರದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬಹುದು.

ಎಲ್ಲವನ್ನೂ ನೋಡಿದ ಮೇಲೆ ನಾವು ಕಸ್ಟಮರ್ ಕೇರಿಗೆ ಫೋನ್ ಮಾಡುತ್ತೇವೆ. ಆ ಕಡೆಯ ಹುಡುಗಿ ಕೇಳುತ್ತಾಳೆ, ‘ಸಾರ್, ರೂಟರಲ್ಲಿ ಲೈಟ್ ಬರ್ತಾ ಇದ್ಯಾ? ಯಾವ ಕಲರ್ ಇದೆ ಸಾರ್?’ ನಮಗೆ ರೇಗುತ್ತದೆ. ಇಷ್ಟೂ ಗೊತ್ತಿಲ್ಲದವರೇ ನಾವು? ಆಕೆಯ ಎದುರಿಗಿರುವ ಪಟ್ಟಿ ನಮ್ಮ ಬುದ್ಧಿಯ ಬಗ್ಗೆ ಏನೂ ಹೇಳುತ್ತಿಲ್ಲ. ಹತ್ತಿರದಿಂದ ದೂರಕ್ಕೆ ಹೋಗುತ್ತಿದೆ, ಅಷ್ಟೆ. ಮನೆಯವರೆಲ್ಲ ‘ಯಾರು’ ಎಂದು ಕೇಳಿದ ಸಂಜೆಯಲ್ಲಿ ‘ಎಲ್ಲಿ’ ಎಂದು ಕೇಳಿದವಳು ಅವಳೊಬ್ಬಳೇ ಎಂಬುದನ್ನು ನಾವು ಗಮನಿಸುವುದಿಲ್ಲ. ಕೆಂಪು ದೀಪ ಎಂದೊಡನೆ ಅವಳ ದನಿ ಬದಲಾಗುತ್ತದೆ: ‘ಫೈಬರ್ ಕಟ್ ಆಗಿರ್ಬೇಕು ಸಾರ್, ಹುಡುಗರನ್ನ ಕಳಿಸ್ತೀವಿ.’

ವೈ-ಫೈಯಲ್ಲಿ ತಂತಿಯಿಲ್ಲದ್ದು ಕೊನೆಯ ಕೆಲವು ಮಾರು ಮಾತ್ರ. ಅದರಾಚೆಗೆಲ್ಲ ಎಳೆಯೇ, ಕಂಬಗಳಿಂದ ಮರಗಳಿಗೆ, ಮರಗಳಿಂದ ಮೋರಿಗಳಿಗೆ. ಹುಡುಗ ಸ್ಕೂಟರಿನಲ್ಲಿ ಬರುತ್ತಾನೆ, ಎಳೆಯೊಳಗೆ ಬೆಳಕು ಬಿಟ್ಟು ಎಷ್ಟು ಮೀಟರಿನಾಚೆ ಅದು ತಿರುಗಿ ಬರುತ್ತಿದೆ ಎಂದು ಅಳೆಯುತ್ತಾನೆ, ಅಷ್ಟು ದೂರ ನಡೆಯುತ್ತಾನೆ. ರಸ್ತೆ ಬದಿಯ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೂದಲೆಳೆಯಷ್ಟು ಗಾಜಿನ ಎರಡು ತುದಿಗಳನ್ನು ಮಷೀನಿನಲ್ಲಿಟ್ಟು ಕಿಡಿ ಹಾರಿಸಿ ಬೆಸೆಯುತ್ತಾನೆ. ಒಂದು ಧೂಳಿನ ಕಣ ಸೇರಿದರೂ ಮತ್ತೆ ಕತ್ತರಿಸಿ ಮೊದಲಿನಿಂದ. ಟಿಪ್ಪರ್ ಲಾರಿಗಳು ಧೂಳೆಬ್ಬಿಸುವ ವರ್ತೂರಿನ ರಸ್ತೆಯಲ್ಲಿ ಇದು ಎಂಥ ಏಕಾಗ್ರತೆ ಎಂದು ಯಾರೂ ನಿಂತು ನೋಡುವುದಿಲ್ಲ.

ಈಗ ಎಲ್ಲಿ ಎಂಬುದು ತಿಳಿಯಿತು. ಹಾಗೆ ತಿಳಿದ ಮೇಲೆ ನಾವು ಅಟ್ಟಿಬಿಟ್ಟಿದ್ದ ಆ ಇನ್ನೊಂದು ಪ್ರಶ್ನೆಗೆ ಮರಳುವ ಹಕ್ಕು ಬರುತ್ತದೆ ಎಂದು ನಾನು ಭಾವಿಸುತ್ತೇನೆ. ಇಲ್ಲಿ ಅಗೆದವರು ಯಾರು? ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೆಯ ಹಂತದ ನೀರು 2024ರ ಅಕ್ಟೋಬರಿನಲ್ಲಿ ಹರಿಯತೊಡಗಿತು. ನೀರಿಗೆ ಕೊಳವೆ ಬೇಕು, ಕೊಳವೆಗೆ ನೆಲ ಬೇಕು, ಅದನ್ನು ಬೇಡವೆನ್ನುವವರಾರು? ಚರಂಡಿಗೂ ಅದೇ ನೆಲ, ವಿದ್ಯುತ್ ತಂತಿಗೂ ಅದೇ ನೆಲ, ಈ ಗಾಜಿನ ಎಳೆಗೂ ಅದೇ ನೆಲ. ಗಾಳಿಯಲ್ಲಿ ಅಷ್ಟೊಂದು ರೂಟರುಗಳು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಸರದಿ ಕಾಯುತ್ತವೆ. ನೆಲದಡಿ ಕೆಲಸ ಮಾಡುವವರು ಗುದ್ದಲಿ ಹಾಕುವ ಮೊದಲು ಇನ್ನೊಬ್ಬರನ್ನು ಕೇಳಬೇಕೆಂಬ ನಿಯಮವನ್ನು ಯಾರು ಮಾಡಬೇಕು, ಯಾರು ಪಾಲಿಸಬೇಕು, ಪಾಲಿಸದಿದ್ದರೆ ಯಾರನ್ನು ಕೇಳಬೇಕು? ಅಡುಗೆಮನೆಗೂ ಹಾಲಿಗೂ ನಡುವೆ ಕೇಳಿದಾಗ ಕ್ಷುದ್ರವಾಗಿದ್ದ ‘ಯಾರು’, ಈ ಗುಂಡಿಯ ಅಂಚಿನಲ್ಲಿ ನಿಂತು ಕೇಳಿದಾಗ ನಾಗರಿಕರ ಪ್ರಶ್ನೆಯಾಗುತ್ತದೆ. ವಾರ್ಡಿನ ಸಭೆಗೆ ಹೋಗಿ ಇದನ್ನು ಕೇಳುವಾಗ ಗುಂಡಿ ಇರುವ ಜಾಗವನ್ನು, ಕಂಬದ ಸಂಖ್ಯೆಯ ಸಮೇತ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು.